ಗುಡುಗುವೀರನ ಹರಕೆ ಕೋಳಿ

ಇಷ್ಟೆಲ್ಲ ರಾಮಾಯಣಕ್ಕೂ ಕಾರಣ ಒಂದು ಹುಂಜ. ಅದೂ ನಿಜವಾದದ್ದಲ್ಲ, ಕಂಪ್ಯೂಟರಿನಲ್ಲಿ ಬರೆದದ್ದು. ಕಣ್ಣಿಗೆ ಕನ್ನಡಕ, ಕೊರಳಿಗೆ ಟೈ, ಬಾಯಿ ತೆರೆದರೆ ಅಧಿಕಪ್ರಸಂಗ.

ನಿರ್ದೇಶಕ ವೆಂಡೆಲ್ ಕ್ರೌಟ್ ಅದನ್ನು ತನ್ನ ‘ಗುಡುಗುವೀರ’ ಎಂಬ ಸೂಪರ್‌ಹೀರೋ ಸರಣಿಯ ನಾಲ್ಕನೇ ಸಿನಿಮಾಕ್ಕೆ ಬೇಕೆಂದೇ ತುರುಕಿದ್ದ. ಹಾಲಿವುಡ್ ಪಕ್ಕದ ನಮ್ಮ ಬರ್ಬ್ಯಾಂಕಿನ ಸಿನಿಮಾದವರಿಗೆಲ್ಲ ಗೊತ್ತಿರುವ ಹಳೇ ಉಪಾಯ ಇದು. ಸ್ಟುಡಿಯೋದ ದೊಡ್ಡವರು ಸಿನಿಮಾ ನೋಡಿದ ಮೇಲೆ ಏನಾದರೊಂದನ್ನು ಕಿತ್ತುಹಾಕಿಸದೆ ಕುರ್ಚಿ ಬಿಟ್ಟು ಏಳುವವರಲ್ಲ. ಅದಕ್ಕೇ ಕಣ್ಣಿಗೆ ರಾಚುವಂಥ ಅಸಂಬದ್ಧ ಒಂದನ್ನು ನಾವೇ ಮುಂದೆ ಇಟ್ಟುಬಿಡುವುದು. ಅವರು ಅದರ ಕತ್ತು ಕೊಯ್ದು ತೃಪ್ತಿಯಿಂದ ಊಟಕ್ಕೆ ಹೋಗುತ್ತಾರೆ, ಉಳಿದ ಸಿನಿಮಾ ಬದುಕಿಕೊಳ್ಳುತ್ತದೆ. ಅದೊಂಥರಾ ಹರಕೆ ಕೋಳಿ.

ವೆಂಡೆಲ್ ಉಳಿಸಿಕೊಳ್ಳಬೇಕಾಗಿದ್ದದ್ದು ಎರಡೇ ನಿಮಿಷದ ದೃಶ್ಯ. ಊರನ್ನೆಲ್ಲ ಕಾಪಾಡಿ ಸುಸ್ತಾದ ಗುಡುಗುವೀರ ಅಮ್ಮನ ಅಡುಗೆಮನೆಗೆ ಬರುತ್ತಾನೆ. ಅಮ್ಮ ಟೊಮೇಟೊ ಸೂಪು ಬಡಿಸುತ್ತಾ, “ಮೊದಲು ಕೈ ತೊಳ್ಕೊಂಡು ಬಾ. ಲೋಕ ಎಲ್ಲಿಗೂ ಓಡಿಹೋಗಲ್ಲ” ಅನ್ನುತ್ತಾಳೆ. ಅಷ್ಟೇ.

ಆ ಮಾತು ವೆಂಡೆಲ್‌ನ ತಾಯಿ ಲೊರೀನಳದು. ಟೊಲೀಡೊದ ಗಾಜಿನ ಕಾರ್ಖಾನೆಯಿಂದ ಸಂಜೆ ಮನೆಗೆ ಬಂದವಳು, ದಾರಿಯ ಅಂಗಡಿಯಲ್ಲಿ ಕೊಂಡ ಕಾಮಿಕ್ಸ್ ಪುಸ್ತಕವನ್ನು ಮಗನ ಕೈಗಿಟ್ಟು, ಮೇಜಿನ ಬಟ್ಟೆಯನ್ನು ಅದರೊಳಗಿನ ವೀರರ ಹಾಗೆ ಬೆನ್ನಿಗೆ ಇಳಿಬಿಟ್ಟು ಅವನ ಕೊರಳಿಗೆ ಗಂಟು ಹಾಕುತ್ತಿದ್ದಳು. ಅವನು ಸೋಫಾದಿಂದ ಹಾರಿ ಹಾರಿ ಲೋಕ ಕಾಪಾಡುತ್ತಿರುವಾಗ ಅಡುಗೆಮನೆಯಿಂದ ಆ ಕೂಗು ಬರುತ್ತಿತ್ತು. ಆ ಸಂಜೆಗಳ ಸುಖ ಅವನಿಗೆ ಆಮೇಲೆ ಎಷ್ಟು ದುಡಿದರೂ ಸಿಗಲಿಲ್ಲ. ಈಗ ಅವಳಿಗೆ ಎಂಬತ್ತು ದಾಟಿದೆ. ಆ ದಿನ ಸಂಜೆ ಜನರಿಗೆ ತೋರಿಸಿ ನೋಡುವ ಮೊದಲ ಪ್ರದರ್ಶನವಿತ್ತು, ಅದಕ್ಕೆಂದೇ ಅವಳನ್ನು ವಿಮಾನದಲ್ಲಿ ಕರೆಸಿಕೊಳ್ಳುತ್ತಿದ್ದ. ಆ ಎರಡು ನಿಮಿಷವನ್ನು ಅಮ್ಮ ನೋಡಿದರೆ ಸಾಕು, ಇನ್ನೇನೂ ಬೇಡ ಎನಿಸಿತ್ತು ಅವನಿಗೆ.

ಅದೇ ದಿನ ಬೆಳಿಗ್ಗೆ ಸ್ಟುಡಿಯೋದ ಮುಖ್ಯಸ್ಥ ಕರ್ಟಿಸ್ ತನ್ನ ಪರಿವಾರ ಸಮೇತ ಸಿನಿಮಾ ನೋಡಿದ. ಹುಂಜ ಬಂದ ಕೂಡಲೇ ವೆಂಡೆಲ್ ಪಕ್ಕದಲ್ಲಿದ್ದ ಸಂಕಲನದ ನದೀನಳಿಗೆ ಕಣ್ಣು ಹೊಡೆದ. ಕರ್ಟಿಸ್ ಬಿದ್ದು ಬಿದ್ದು ನಗತೊಡಗಿದ.

“ಏನ್ರೀ ಇದು! ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ರಿ ಈ ಕೋಳೀನ?”

“ಅದು... ಕಿತ್ತಾಕೋಣ ಅಂತಿದ್ದೆ,” ವೆಂಡೆಲ್ ತೊದಲಿದ.

“ಕಿತ್ತಾಕೋದಾ? ತಲೆ ಕೆಟ್ಟಿದೆಯೇನ್ರೀ?”

“ಹೊಟ್ಟೆ ಒತ್ತಿದ್ರೆ ಕೂಗೋ ಹಾಗೆ ಮಾಡ್ಬಹುದು,” ಅಂದಳು ಗೊಂಬೆ ಮಾರುವ ವಿಭಾಗದ ಮಾರ್ಲಿಸ್. “ಕ್ರಿಸ್‌ಮಸ್ಸಿಗೆ ಮಕ್ಕಳು ಮುಗಿಬೀಳ್ತಾರೆ. ಆ ಸೂಪು ಬಡಿಸೋ ಅಮ್ಮನ ಗೊಂಬೆ ಯಾರು ತಗೋತಾರೆ, ನೀವೇ ಹೇಳಿ?”

ವೆಂಡೆಲ್ ಕುರ್ಚಿಯಿಂದ ಎದ್ದೇಬಿಟ್ಟ. “ಗುಡುಗುವೀರನ ಲೋಕದಲ್ಲಿ ಕೋಳಿ ಮಾತಾಡಲ್ಲ ಸ್ವಾಮಿ! ಅದು ನಂದೇ ತಪ್ಪು, ತೆಗೆದುಬಿಡೋಣ.”

“ನಿರ್ದೇಶಕರೇ ಇಷ್ಟು ಹೆದರ್ತಿದ್ದಾರೆ ಅಂದ್ಮೇಲೆ ಅದರಲ್ಲಿ ದಮ್ಮಿದೆ,” ಎಂದ ಕರ್ಟಿಸ್.

ವೆಂಡೆಲ್ ಬೇಡ ಬೇಡ ಎಂದಷ್ಟೂ ಕೋಳಿ ಕೊಬ್ಬಿತು. ಊಟದ ಹೊತ್ತಿಗೆ ಅದು ಗುಡುಗುವೀರನ ಕಾರು ಓಡಿಸುತ್ತಿತ್ತು. ಊಟವಾದ ಮೇಲೆ ಖಳನಾಯಕನ ಮೂಗು ಕುಕ್ಕಿತು. ಕೋಳಿ ಕೇಳಿ ಮಸಾಲೆ ಅರೀತಾರಾ ಅಂತಾರಲ್ಲ, ಇಲ್ಲಿ ಕೋಳಿಗೆ ಏನು ಒಪ್ಪುತ್ತೆ ಅಂತ ಕೇಳಿ ಕೇಳಿಯೇ ಅರೆಯುತ್ತಿದ್ದರು, ನಿರ್ದೇಶಕನನ್ನು ಮಾತ್ರ ಯಾರೂ ಕೇಳಲಿಲ್ಲ.

“ನಿನ್ನ ಉಪಾಯಕ್ಕಿಷ್ಟು ಬೆಂಕಿ ಹಾಕ,” ಎಂದಳು ನದೀನ್. “ಹರಕೆ ಕೋಳೀನ ಇಷ್ಟು ಮುದ್ದಾಗಿ ಯಾರಾದ್ರೂ ಮಾಡ್ತಾರಾ?”

ಕೊನೆಗೆ ವೆಂಡೆಲ್ ಕರ್ಟಿಸ್‌ನ ಬಾಗಿಲಿಗೇ ಹೋಗಿ ನಿಂತ. “ಕೋಳೀಗೆ ಏನು ಬೇಕಾದ್ರೂ ಮಾಡ್ಕೊಳ್ಳಿ. ಅಡುಗೆಮನೆ ದೃಶ್ಯ ಮಾತ್ರ ಮುಟ್ಬೇಡಿ, ನಿಮ್ಮ ದಮ್ಮಯ್ಯ.”

ಕರ್ಟಿಸ್ ಅವನ ಹೆಗಲ ಮೇಲೆ ಕೈಯಿಟ್ಟ. “ಅಯ್ಯೋ, ಅದನ್ನ ನೋಡಿ ನಾನೇ ಅತ್ಬಿಟ್ಟೆ. ಒಂದೇ ಒಂದು ಪದ ಬದಲಾಯಿಸಲ್ಲ, ನನ್ನಾಣೆ.”

ವೆಂಡೆಲ್‌ಗೆ ಹೋದ ಜೀವ ಬಂದಂತಾಯಿತು. ಹಾರುತ್ತಲೇ ವಿಮಾನ ನಿಲ್ದಾಣಕ್ಕೆ ಹೋದ. ನದೀನ್ ಮೇಲಿಂದ ಮೇಲೆ ಫೋನ್ ಮಾಡಿದಳು. ಅಮ್ಮನ ಪೆಟ್ಟಿಗೆ ಹುಡುಕುವ ಗಡಿಬಿಡಿಯಲ್ಲಿ ಅವನು ಎತ್ತಲಿಲ್ಲ.

ಸಂಜೆ ಚಿತ್ರಮಂದಿರ ತುಂಬಿತ್ತು. ಕೋಳಿ ಬಂದಾಗಲೆಲ್ಲ ಜನ ಶಿಳ್ಳೆ ಹೊಡೆದರು, ವೆಂಡೆಲ್ ಹಲ್ಲು ಕಚ್ಚಿಕೊಂಡು ಕೂತ. ಕೊನೆಗೂ ಅಡುಗೆಮನೆ ಬಂತು. ಕಿಟಕಿಯ ಬೆಳಕು, ಸೂಪಿನ ಹಬೆ, ಎಲ್ಲ ಆ ಟೊಲೀಡೊದ್ದೇ. ಅವನು ಅಮ್ಮನ ಕೈ ಹಿಡಿದುಕೊಂಡ. ಒಲೆಯ ಮುಂದೆ ಬೆನ್ನು ಮಾಡಿ ನಿಂತಿದ್ದ ಆಕೃತಿ ಈ ಕಡೆ ತಿರುಗಿತು.

ಹುಂಜ! ಟೈ ಮೇಲೊಂದು ಏಪ್ರನ್ನು ಬೇರೆ.

“ಮೊದಲು ಕೈ ತೊಳ್ಕೊಂಡು ಬಾ,” ಅಂದಿತು ಹುಂಜ. “ಲೋಕ ಎಲ್ಲಿಗೂ ಓಡಿಹೋಗಲ್ಲ.”

ಒಂದೇ ಒಂದು ಪದವೂ ಬದಲಾಗಿರಲಿಲ್ಲ. ಜನ ಮೊದಲು ನಕ್ಕರು. ಆಮೇಲೆ ಅಲ್ಲಲ್ಲಿ ಮೂಗು ಸೀಟುವ ಸದ್ದು ಕೇಳಿಸಿತು.

ದೀಪ ಹತ್ತಿದಾಗ ಲೊರೀನ್ ಕಣ್ಣೊರೆಸಿಕೊಳ್ಳುತ್ತಿದ್ದಳು. “ಆ ಕೋಳಿ ಥೇಟ್ ನಮ್ಮಮ್ಮನ ಹಾಗೇ ಮಾತಾಡ್ತು ಕಣೋ. ಈಗಿನವರು ಯಾರು ಇಂಥ ಮಾತಾಡ್ತಾರೆ?”

ತಾನೇ ದಿನಾ ಆಡುತ್ತಿದ್ದ ಮಾತೆಂದು ಅವಳಿಗೆ ನೆನಪೇ ಇರಲಿಲ್ಲ. ವೆಂಡೆಲ್ ಅವಳ ಕಡೆ ಬಾಗಿದ. “ಅಮ್ಮಾ, ಅದು...”

ಅಷ್ಟರಲ್ಲಿ ಕರ್ಟಿಸ್ ಎಲ್ಲರ ಕೈಕುಲುಕುತ್ತಾ ಅಲ್ಲಿಗೇ ಬಂದ.

“ಆ ಕೋಳಿ ಯಾರದಪ್ಪಾ?” ಲೊರೀನ್ ಕೇಳಿದಳು.

“ಕೋಳೀನಾ? ಪೂರ್ತಿ ನಂದೇ ಅಮ್ಮಾ!”

ಅವಳು ಎದ್ದು ಕರ್ಟಿಸ್‌ನನ್ನು ಬಾಚಿ ತಬ್ಬಿಕೊಂಡಳು. “ಹೆತ್ತವಳು ಪುಣ್ಯ ಮಾಡಿದ್ಲು ಕಣಪ್ಪಾ. ಅಮ್ಮನ ಒಂದೊಂದು ಮಾತೂ ಹೀಗೆ ನೆನಪಿಟ್ಕೊಂಡಿದ್ದೀಯಲ್ಲ!” ಆಮೇಲೆ ಅವನ ಹೆಗಲ ಮೇಲಿಂದ ಮಗನ ಕಡೆ ತಿರುಗಿ ಹೇಳಿದಳು.

“ನೋಡಿ ಕಲಿಯೋ, ವೆಂಡೆಲ್.”