ಹಾಸಿಗೆ ಅಂಗಡಿಯಲ್ಲಿ ಲೈ ಮತ್ತು ಲೇ

ಹಾಸಿಗೆ ಮಾರುವವನಿಗೆ ಇಂಗ್ಲಿಷ್ ಯಾಕೆ ಬೇಕು, ನೀವೇ ಹೇಳಿ. ಮಲಗುವವರು ಮಾತಾಡುವುದಿಲ್ಲ, ಮಾತಾಡುವವರಿಗೆ ನಿದ್ದೆ ಬಂದಿರುವುದಿಲ್ಲ. ಈ ಸರಳ ಸತ್ಯ ನಮ್ಮ ಹಳೆಯ ಮಾಲೀಕರಿಗೆ ಗೊತ್ತಿತ್ತು. ಅವರು ಅಂಗಡಿ ಮಾರಿ ಹೋದ ಮೇಲೆ ಬಂದ ಹೊಸ ಮಾಲೀಕರಿಗೆ ಗೊತ್ತಿರಲಿಲ್ಲ. ಅವರು ಬಂದವರೇ ಅಂಗಡಿಗೆ 'ಶೋರೂಮ್' ಎಂದು ನಾಮಕರಣ ಮಾಡಿ, ಗಾಜಿನ ಬಾಗಿಲು ಹಾಕಿಸಿ, ರಾಜಾಜ್ಞೆಯೊಂದನ್ನು ಹೊರಡಿಸಿದರು. ಸೋಮವಾರ ಪರೀಕ್ಷೆ. ಗಿರಾಕಿಯ ಜೊತೆ ಇಂಗ್ಲಿಷಿನಲ್ಲಿ ವ್ಯವಹರಿಸಬಲ್ಲವನು ಎ.ಸಿ. ಕೆಳಗೆ ಮುಖ್ಯ ಮಾರಾಟಗಾರ. ಉಳಿದವನು ಹಿಂದಿನ ಗೋದಾಮಿನಲ್ಲಿ ಹಾಸಿಗೆ ಹೊರುವವನು.

ಅಂಗಡಿಯಲ್ಲಿದ್ದವರು ಇಬ್ಬರೇ. ನಾನು ಮತ್ತು ಲಂಬೂ. (ಬಾಗಿಲಿಗೆ ತಲೆ ತಾಗುವಷ್ಟು ಎತ್ತರವಿರುವುದರಿಂದ ಎಲ್ಲರೂ ಅವನನ್ನು ಹಾಗೇ ಕರೆಯುತ್ತಾರೆ.) ನನ್ನ ಸೊಂಟ ಹಾಸಿಗೆ ಮಾರಲಿಕ್ಕೆ ಹುಟ್ಟಿದ್ದೇ ಹೊರತು ಹೊರಲಿಕ್ಕೆ ಹುಟ್ಟಿದ್ದಲ್ಲ. ಆದ್ದರಿಂದ ಅಂದೇ ಪಣ ತೊಟ್ಟೆ: ಇಂಗ್ಲಿಷ್ ಕಲಿತೇ ತೀರುತ್ತೇನೆ!

ಗುರುವನ್ನು ಹುಡುಕಿಕೊಂಡು ಎಲ್ಲಿಗೂ ಹೋಗಬೇಕಾಗಿರಲಿಲ್ಲ. ನನ್ನ ಹೆಂಡತಿ ನಡುಮನೆಯಲ್ಲಿ ಮಕ್ಕಳಿಗೆ ಇಂಗ್ಲಿಷ್ ಟ್ಯೂಷನ್ ಹೇಳುತ್ತಾಳೆ. ಅವಳು ಸ್ಕೇಲು ಎತ್ತಿಕೊಂಡರೆ ಮಕ್ಕಳು ಮಾತ್ರವಲ್ಲ, ಅಡುಗೆಮನೆಯಲ್ಲಿರುವ ನಾನೂ ನೆಟ್ಟಗೆ ಕೂರುತ್ತೇನೆ.

"ನಿಮ್ಮ ಅಂಗಡೀಲಿ ಮುಖ್ಯವಾದದ್ದು ಮಲಗೋದು," ಎಂದು ಅವಳು ಶುರುಮಾಡಿದಳು. "ನಾವಾಗಿ ಮಲಗಿದ್ರೆ ಲೈ. ಇನ್ನೊಂದನ್ನ ಮಲಗಿಸಿದ್ರೆ, ಹಾಸಿದ್ರೆ ಲೇ. ಗಿರಾಕಿ ಲೈ, ನೀವು ಬೆಡ್‌ಶೀಟ್ ಲೇ. ಗೊತ್ತಾಯ್ತಾ?"

"ಗೊತ್ತಾಯ್ತು. ಆದ್ರೆ ಲೈ ಅಂದ್ರೆ ಸುಳ್ಳು ಹೇಳೋದು ಅಲ್ವೇನೆ?"

"ಅದೂ ಲೈ."

"ಮಲಗೋನೂ ಸುಳ್ಳು ಹೇಳೋನೂ ಒಂದೇನಾ ಹಾಗಾದ್ರೆ?"

"ಭಾನುವಾರ ಮಧ್ಯಾಹ್ನ ಬೆನ್ನುನೋವು ಅಂತ ಮಲಗೋರ ವಿಷಯದಲ್ಲಿ ಒಂದೇ. ಮುಂದೆ ಕೇಳಿ. ನಿನ್ನೆ ನಾವಾಗಿ ಮಲಗಿದ್ರೆ ಅದು ಲೇ."

"ಈಗ ತಾನೇ ಇನ್ನೊಂದನ್ನ ಮಲಗಿಸಿದ್ರೆ ಲೇ ಅಂದ್ಯಲ್ಲ!"

"ಅದು ಇವತ್ತಿನ ಲೇ. ಇದು ನಿನ್ನೆಯ ಲೇ."

ಹಳಸಿದ ಅನ್ನಕ್ಕೂ ಬಿಸಿ ಅನ್ನಕ್ಕೂ ಒಂದೇ ಹೆಸರಿಟ್ಟ ಆ ಭಾಷೆಯನ್ನು ಮನಸಾರೆ ಶಪಿಸಿದೆ. ಆದರೂ ಬಿಡಲಿಲ್ಲ. ಏಳುವುದು ರೈಸ್, ಮೇಲೆತ್ತುವುದು ರೇಸ್. ಎರವಲು ತರುವುದು ಬಾರೋ, ಎರವಲು ಕೊಡುವುದು ಲೆಂಡ್. ಪಕ್ಕದ ಮನೆಯಿಂದ ಕೊಡೆ ತಂದರೆ ನಾವು ಬಾರೋ, ಅವರು ಲೆಂಡ್. ಹಲ್ಲುಜ್ಜುವಾಗ, ಮೆಟ್ಟಿಲು ಇಳಿಯುವಾಗ, ತಲೆ ಒರೆಸಿಕೊಳ್ಳುವಾಗ ಅದೇ ಜಪ.

ಆಗ ನಮ್ಮ ಮನೆಯಲ್ಲಿ ಮಾವನವರೂ ಇದ್ದರು. ಕೋರ್ಟಿನಲ್ಲಿ ಗುಮಾಸ್ತರಾಗಿ ನಿವೃತ್ತರಾದವರು. ಹಾಲು ಹಾಕುವವನನ್ನೂ 'ತಾವು' ಎನ್ನುವವರು. ಇಂಗ್ಲಿಷ್ ಕಲಿಯುತ್ತಿದ್ದೇನೆಂದು ಅವರಿಗೆ ಹೇಳಲು ನನಗೆ ನಾಚಿಕೆ. ಹೀಗಾಗಿ ಅಳಿಯ ಅಡುಗೆಮನೆಯ ಬಾಗಿಲಲ್ಲಿ ನಿಂತು ತಮ್ಮ ಮಗಳಿಗೆ "ಲೇ! ಲೇ! ಲೇ!" ಎಂದು ಅಬ್ಬರಿಸುವುದನ್ನು ಅವರು ಎರಡು ದಿನ ನುಂಗಿಕೊಂಡರು. ಶನಿವಾರ ಬೆಳಿಗ್ಗೆ ಟವೆಲು ಹೊದ್ದು ಬಚ್ಚಲುಮನೆಯ ಹೊರಗೆ ತಮ್ಮ ಸರದಿಗೆ ಕಾಯುತ್ತಿದ್ದರಂತೆ. ಒಳಗೆ ಸೋಪು ಹಚ್ಚಿಕೊಂಡು, ಕಣ್ಣುಮುಚ್ಚಿ, ತಾರಕಸ್ವರದಲ್ಲಿ ನಾನು:

"ಬಾರೋ! ಬಾರೋ! ಬಾರೋ!"

ಹೊರಗೆ ಬಂದು ನೋಡುತ್ತೇನೆ, ಮಾವನವರು ಟ್ರಂಕಿಗೆ ಬಟ್ಟೆ ತುಂಬುತ್ತಿದ್ದಾರೆ. ಹೆಂಡತಿ ಅಡ್ಡ ನಿಂತಿದ್ದಾಳೆ.

"ಈ ವಯಸ್ಸಲ್ಲಿ ಇದನ್ನ ಕೇಳ್ಬೇಕಾಯ್ತಲ್ಲಮ್ಮ!" ಅವರು ಪಂಚೆಯೊಂದನ್ನು ಟ್ರಂಕಿಗೆ ತುರುಕಿದರು. "ನಿನ್ನನ್ನ ಲೇ ಅಂದ್ರು, ಗಂಡ ಹೆಂಡತಿ ವಿಷಯ ಅಂತ ಸುಮ್ಮನಿದ್ದೆ. ಇವತ್ತು ನನ್ನನ್ನೇ ಬಾರೋ ಅಂತಾರೆ. ಅದೂ ಎಲ್ಲಿಗೆ? ಬಚ್ಚಲುಮನೆಗೆ!"

"ಮಾವ, ಅದು ಇಂಗ್ಲಿಷು!" ಎಂದೆ ಕಿವಿಯಿಂದ ನೊರೆ ಸುರಿಸುತ್ತ.

"ಕನ್ನಡದಲ್ಲಿ ಬೈದು ಇಂಗ್ಲಿಷು ಅಂತೀರಾ!"

ಹೆಂಡತಿ ಡಿಕ್ಷನರಿ ತಂದು, ಪುಟ ತೆರೆದು, ಬೆರಳಿಟ್ಟು ತೋರಿಸಿದ ಮೇಲೆ ಟ್ರಂಕು ಮಂಚದ ಕೆಳಗೆ ಹೋಯಿತು. ಆದರೂ ಅವರಿಗೆ ಪೂರ್ತಿ ಸಮಾಧಾನವಾಗಲಿಲ್ಲ. ಕಾಫಿ ಕುಡಿಯುತ್ತ ಕೇಳಿದರು: "ಅಲ್ಲಾ, ಅದಕ್ಕೆ 'ಬನ್ನಿ' ಅಂತ ಬರೋ ಹಾಗೆ ಬೇರೆ ಪದ ಇಲ್ವೇ? ಹಿರಿಯರ ಹತ್ರ ಎರವಲು ಕೇಳೋವಾಗ ಏನ್ಮಾಡ್ತಾರೆ ಪಾಪ?"

ಸೋಮವಾರ ಬಂತು. ಮಾಲೀಕರು ಕೋಟು ಕಳಚಿ, ಶೋರೂಮಿನ ಅತಿ ದುಬಾರಿ ಹಾಸಿಗೆಯ ಪಕ್ಕ ನಿಂತು, "ನಾನೇ ಗಿರಾಕಿ. ಶುರುಮಾಡಿ," ಎಂದರು.

ಮೊದಲು ಲಂಬೂ. ಅವನಿಗೆ ಗೊತ್ತಿದ್ದ ಕ್ರಿಯಾಪದ ಒಂದೇ. "ಕಮಾನ್ ಸರ್, ಸ್ಲೀಪ್ ಸರ್! ಬೆಡ್‌ಶೀಟ್ ಸ್ಲೀಪಿಂಗ್ ಸರ್! ದಿಂಬು ಆಲ್ಸೋ ಸ್ಲೀಪಿಂಗ್ ಸರ್!" ಒಂದೇ ಉಸಿರಿಗೆ ಮುಗಿಸಿ ಹಲ್ಲು ಕಿರಿದ. ನನಗೆ ಒಳಗೊಳಗೇ ಅಯ್ಯೋ ಪಾಪ ಅನ್ನಿಸಿತು.

ಆಮೇಲೆ ನಾನು. ಪ್ರತಿ ಕ್ರಿಯಾಪದದ ಮುಂದೂ ಒಂದು ಕ್ಷಣ ನಿಂತು, ಇದು ತಾನಾಗಿ ಮಲಗುವುದೋ ಮಲಗಿಸುವುದೋ, ಇವತ್ತಿನದೋ ನಿನ್ನೆಯದೋ ಎಂದು ಮನಸ್ಸಿನಲ್ಲೇ ತೂಗಿ, ಮೆಲ್ಲಗೆ ಬಾಯಿಂದ ಇಳಿಸಿದೆ. "ಪ್ಲೀಸ್... ಲೈ... ಡೌನ್, ಸರ್." ಮಾಲೀಕರು ಮಲಗಿದರು. "ನೌ... ಐ ವಿಲ್... ಲೇ... ದಿ ಶೀಟ್." ಅವರ ಮೇಲೇ ಹಾಸಿದೆ. "ಶಲ್ ಐ... ರೇಸ್... ದಿ ಪಿಲ್ಲೋ?" ಒಂದೇ ಒಂದು ತಪ್ಪಿಲ್ಲ! ಹುಮ್ಮಸ್ಸು ಬಂದು ಬಾರೋ, ಲೆಂಡ್ ಎರಡನ್ನೂ ಹೇಗೋ ಹಾಸಿಗೆಗೆ ಗಂಟುಹಾಕಿದೆ. ಕೊನೆಗೆ ಹೆಮ್ಮೆಯಿಂದ ಕೆಳಗೆ ನೋಡಿದೆ.

ಮಾಲೀಕರು ಗೊರಕೆ ಹೊಡೆಯುತ್ತಿದ್ದರು.

ಎಬ್ಬಿಸುವ ಧೈರ್ಯ ಯಾರಿಗೂ ಆಗಲಿಲ್ಲ. ಎದ್ದಾಗ ಮಧ್ಯಾಹ್ನ. ಎದ್ದವರೇ ನನ್ನ ಎರಡೂ ಕೈ ಹಿಡಿದುಕೊಂಡರು.

"ಮಾತ್ರೆ ನುಂಗಿದ್ರೂ ನಿದ್ದೆ ಬರದೆ ಒದ್ದಾಡೋನು ಕಣ್ರೀ ನಾನು! ನಿಮ್ಮ ಇಂಗ್ಲಿಷಲ್ಲಿ ಅದೇನಿದೆ?"

"ಹಾಗಾದ್ರೆ ಮುಖ್ಯ ಮಾರಾಟಗಾರ ನಾನೇ ಅಲ್ವಾ ಸರ್?"

"ಛೆ ಛೆ, ಅದಕ್ಕೆ ಲಂಬೂ ಇರ್ಲಿ. ನೀವು ಬಂದ ಗಿರಾಕೀನೆಲ್ಲ ಹೀಗೆ ಮಲಗಿಸಿಬಿಟ್ರೆ ಎದ್ದು ಬಿಲ್ ಕೊಡೋರ್ಯಾರು? ನೀವು ಬೆಳಿಗ್ಗೆ ಗೋದಾಮು ನೋಡ್ಕೊಳ್ಳಿ. ಊಟ ಆದ್ಮೇಲೆ ಮಾತ್ರ ತಪ್ಪದೆ ನನ್ನ ಕೋಣೆಗೆ ಬನ್ನಿ."

ಈಗ ಲಂಬೂ ಎ.ಸಿ. ಕೆಳಗೆ ಕೂತು ಊರಿಗೆಲ್ಲ 'ಸ್ಲೀಪ್ ಸರ್' ಎನ್ನುತ್ತಿದ್ದಾನೆ, ಹಾಸಿಗೆಗಳೂ ಹೋಗುತ್ತಿವೆ. ಅವನು ಮಾರಿದ್ದನ್ನೆಲ್ಲ ನಾನು ಹೊರುತ್ತೇನೆ. ಆದರೂ ಕೈಬಿಟ್ಟವನಲ್ಲ ನಾನು. ಹೆಂಡತಿ ಈ ವಾರ ಸೀ, ಲುಕ್, ವಾಚ್ ಶುರುಮಾಡಿದ್ದಾಳೆ. ಕನ್ನಡದಲ್ಲಿ ಒಂದೇ 'ನೋಡು' ಎಂದು ಮುಗಿಯುವ ಆ ಮೂರನ್ನೂ ಅರೆದು ಕುಡಿದಿದ್ದೇನೆ. ನಿನ್ನೆ ಮಧ್ಯಾಹ್ನ ಮಾಲೀಕರ ಕೋಣೆಯಲ್ಲಿ ಅವುಗಳ ವ್ಯತ್ಯಾಸವನ್ನು ಒಂದಕ್ಷರ ತಪ್ಪದೆ, ಉದಾಹರಣೆ ಸಮೇತ ವಿವರಿಸಿದೆ. ಭೇಷ್ ಅನ್ನಲು ಅಲ್ಲಿ ಎಚ್ಚರವಾಗಿದ್ದವನು ನಾನೊಬ್ಬನೇ.