ದೊಡ್ಡವ್ವನ ಮೆಚ್ಚಿನ ಪಾಪಿಗಳು

ನಮ್ಮ ದೊಡ್ಡವ್ವನಿಗೆ ಒಳ್ಳೆಯವರನ್ನು ಕಂಡರೆ ಆಗುವುದಿಲ್ಲ. ಇದು ಬೆನ್ನ ಹಿಂದಿನ ಚಾಡಿಯಲ್ಲ, ಅವಳೆದುರೇ ಹೇಳಿ ಬೈಸಿಕೊಂಡ ಮಾತು! ದೊಡ್ಡವ್ವ ಎಂದರೆ ನನ್ನ ತಾಯಿಯ ಅಕ್ಕ. ಮದುವೆಯ ಗೊಡವೆಗೆ ಹೋಗದೆ, ಆಯುಷ್ಯವೆಲ್ಲ ದವಾಖಾನೆಯಲ್ಲಿ ನರ್ಸಾಗಿ ದುಡಿದು, ಈಗ ಖಾನಾಪುರದಲ್ಲಿ ಇಡೀ ಓಣಿಯ ಮೇಲೆ ಅಧಿಕಾರ ನಡೆಸುತ್ತಿದ್ದಾಳೆ. ಸೀರೆಯ ಕೆಳಗೆ ಗಂಡಸರ ಕ್ಯಾನ್ವಾಸ್ ಬೂಟು. ಹೆಗಲಿಗೆ ಖಾಕಿ ಚೀಲ. ಚೀಲದಲ್ಲಿ ರಟ್ಟು ಕಿತ್ತುಹೋದ ಸತ್ಯವೇದ, ಅಂದರೆ ಬೈಬಲ್ಲು. ಅದರಲ್ಲಿ ಸಜ್ಜನರ ಪುಟಗಳು ಇವತ್ತಿಗೂ ಹೊಚ್ಚ ಹೊಸವು; ಪಾಪಿಗಳ ಪುಟಗಳು ಮಾತ್ರ ಎಣ್ಣೆ ಕುಡಿದ ಹಪ್ಪಳದಂತಾಗಿವೆ!

"ದಾನಿಯೇಲನ ಬಗ್ಗೆ ಏನ್ ಹೇಳೂದೈತಿ? ಶಾಣ್ಯಾ ಇದ್ದ, ಶಾಣ್ಯಾ ಆಗೇ ಹೋದ. ಸಿಂಹದ ಗವ್ಯಾಗ ಒಗದ್ರ, ಸಿಂಹಕ್ಕೂ ಬ್ಯಾಸರಾಗಿ ತಿನ್ನದs ಬಿಟ್ಟಿತು!" ಎನ್ನುತ್ತಾಳೆ.

ಅದೇ ನೋಹ ಕುಡಿದು ಬಿದ್ದಿದ್ದನ್ನೋ, ಮೋಶೆ ಸಿಟ್ಟಿನ ಭರದಲ್ಲಿ ಒಬ್ಬನನ್ನು ಕೊಂದು ಮರಳಲ್ಲಿ ಹೂತಿದ್ದನ್ನೋ ಹೇಳುವಾಗ ಅವಳ ಮುಖ ನೋಡಬೇಕು. ತನ್ನ ಮನೆಯ ಹುಡುಗರೇ ರ‍್ಯಾಂಕು ಬಂದಷ್ಟು ಹಿಗ್ಗು!

"ದೇವ್ರು ಇವರನ್ನ ಕೆಲಸಕ್ಕ ತಗೊಳ್ಳೂಮುಂದ ಕ್ಯಾರೆಕ್ಟರ್ ಸರ್ಟಿಫಿಕೇಟ್ ಕೇಳಿದ್ರ ಒಬ್ಬರಾದ್ರೂ ಪಾಸ್ ಆಗ್ತಿದ್ರೇನು?" ಎಂದು ಕೇಳುತ್ತಾಳೆ. ಉತ್ತರ ಹೇಳಲು ನಮ್ಮ ಹತ್ತಿರವಾದರೂ ಎಲ್ಲಿದೆ ಸರ್ಟಿಫಿಕೇಟು?

ಇಂಥವಳ ಕೈಗೆ ನಮ್ಮ ಚರ್ಚಿನ ಪಾಸ್ಟರ್ ರವಿವಾರದ ಮಕ್ಕಳ ಪಾಠವನ್ನು ಒಪ್ಪಿಸಿದರು. ತಿಂಗಳೊಳಗೆ ಒಬ್ಬ ತಾಯಿ ದೂರು ಹೊತ್ತು ಬಂದಳು.

"ಏನ್ ಕಲಸಾಕತ್ತೀರಿ ಸಿಸ್ಟರ್? ನನ್ನ ಮಗಳು ತಮ್ಮನ ಪಾಲಿನ ಉಂಡಿ ತಿಂದು, ಯಾಕೋಬನೂ ಅಣ್ಣಗ ಮೋಸ ಮಾಡಿದ್ನಲಾ ಅಂತಾಳ!"

ದೊಡ್ಡವ್ವ ಬೆಚ್ಚಲಿಲ್ಲ, ಬೆದರಲಿಲ್ಲ. "ಕತಿ ಅರ್ಧಾ ಆಗೇತಿ. ಬರೂ ವಾರ ಯಾಕೋಬಗ ಅವನ ಮಾಂವನs ಮೋಸ ಮಾಡ್ತಾನ. ತಪ್ಪದs ಕಳಸ್ರಿ."

ಇನ್ನೊಮ್ಮೆ ಖಾನಾಪುರದಿಂದ ಬೆಳಗಾವಿಗೆ ಬರುವ ಬಸ್ಸಿನಲ್ಲಿ ಯಾರೋ ಒಬ್ಬ ಅವಳ ಖಾಕಿ ಚೀಲದೊಳಗೆ ಕೈ ಇಳಿಸಿದ. ಅಷ್ಟು ಬಸ್ಸು, ಅಷ್ಟು ಜನ ಇರುವಾಗ ಆ ಬಡಪಾಯಿಗೆ ಸಿಕ್ಕಿದ್ದು ಇವಳೇ! ದೊಡ್ಡವ್ವ ಕೂಗಲಿಲ್ಲ. ಅವನ ಅಂಗಿಯ ಚುಂಗು ಹಿಡಿದು ಬಾಜೂಕ್ಕೆ ಕೂರಿಸಿಕೊಂಡು, ಜನರನ್ನು ಸುಲಿದು ದೊಡ್ಡವನಾದ ಜಕ್ಕಾಯನ ಕಥೆ ಶುರು ಮಾಡಿದಳು. ಯೇಸುಸ್ವಾಮಿಯನ್ನು ನೋಡಲು ಜಕ್ಕಾಯ ಗಿಡ ಹತ್ತಿದ, ಸ್ವಾಮಿ ಅವನನ್ನು ಕೆಳಗಿಳಿಸಿ ಅವನ ಮನೆಗೇ ಊಟಕ್ಕೆ ಹೋದ, ಆಮೇಲೆ ಜಕ್ಕಾಯ ಕಿತ್ತುಕೊಂಡಿದ್ದಕ್ಕೆ ನಾಲ್ಕು ಪಟ್ಟು ಹಿಂದಿರುಗಿಸಲು ಒಪ್ಪಿದ. ಒಂದೂ ಬಿಡದೆ ಹೇಳಿದಳು. ಅವನು "ಬಿಡು ಮಾವಶೀ" ಎಂದು ಮರಾಠಿಯಲ್ಲಿ ಗೋಗರೆದ. ಇವಳು ಅದೇ ಕಥೆಯನ್ನು ಮರಾಠಿಯಲ್ಲಿ ಮೊದಲಿಂದ ಹೇಳಿದಳು! ಬಸ್ಸು ನಡುದಾರಿಯಲ್ಲಿ ನಿಂತದ್ದೇ ತಡ, ಅವನು ತನ್ನ ಛತ್ರಿಯನ್ನೂ ಬಿಟ್ಟು ಜಿಗಿದು ಓಡಿದ.

"ಜಕ್ಕಾಯ ನಾಕ್ ಪಟ್ಟು ಕೊಟ್ಟ. ಇಂವ ಬರೇ ಛತ್ರಿ ಕೊಟ್ಟಾನ," ಎಂದಳು ದೊಡ್ಡವ್ವ, ಅದನ್ನು ಬಿಡಿಸಿ ನೋಡುತ್ತ. "ಇರ್ಲಿ, ಪಾಪ. ಈಗಷ್ಟ ಸುರು ಮಾಡ್ಯಾನ."

ಹೀಗೆ ನಗುತ್ತ ನಗಿಸುತ್ತ ಬರೆದುಬಿಡಬಹುದಿತ್ತು. ಆದರೆ ನನ್ನ ಸರದಿಯೂ ಬಂತು ನೋಡಿ.

ಬೆಳಗಾವಿಯ ಒಂದು ಕಾಲೇಜಿನಲ್ಲಿ ನನಗೆ ಉಪನ್ಯಾಸಕಿಯ ಕೆಲಸ ಸಿಕ್ಕಿ ಎರಡು ತಿಂಗಳಾಗಿತ್ತು. ಇಸ್ತ್ರಿಯ ಸೀರೆ, ಅಳೆದು ತೂಗಿದ ಮಾತು. ಒಂದು ಮಧ್ಯಾಹ್ನ ಹೇಳದೆ ಕೇಳದೆ ದೊಡ್ಡವ್ವ ಸ್ಟಾಫ್ ರೂಮಿಗೆ ನುಗ್ಗಿದಳು. ಅದೇ ಬೂಟು, ಅದೇ ಚೀಲ, ಕೈಯಲ್ಲಿ ಬೇಯಿಸಿದ ಗೆಣಸಿನ ಡಬ್ಬಿ. ಎಲ್ಲರ ಟೇಬಲ್ಲಿಗೂ ಗೆಣಸು ಹಂಚಿದಳು. ಆಗಷ್ಟೇ ಒಳಬಂದ ಪ್ರಿನ್ಸಿಪಾಲರನ್ನು ತಡೆದು ನಿಲ್ಲಿಸಿ, "ಕಣ್ಣು ಹಳದಿ ಅದಾವಲ್ರೀ ಸರ, ಎಲ್ಲೆ, ನಾಲಿಗಿ ತಗೀರಿ!" ಎಂದಳು. ಅವರು ಗಾಬರಿಯಲ್ಲಿ ತೆಗೆದೂಬಿಟ್ಟರು! ರೂಮಿನಲ್ಲಿ ನಗೆಯೋ ನಗೆ. ಅವಳು ಕೈ ತೊಳೆಯಲು ಹೊರಗೆ ಹೋದಾಗ ಸಹೋದ್ಯೋಗಿಯೊಬ್ಬರು ಕೇಳಿದರು, "ಯಾರ್ರೀ ಅವರು?"

"ಯಾರಿಲ್ಲರೀ... ನಮ್ಮ ಕಡೆಯವರು. ಹಿಂಗs ಪರಿಚಯ," ಎಂದೆ.

ತಿರುಗಿದರೆ ದೊಡ್ಡವ್ವ ಬಾಗಿಲಲ್ಲಿ ನಿಂತಿದ್ದಳು. ಸೆರಗಿಗೆ ಕೈ ಒರೆಸಿಕೊಂಡಳು, ಖಾಲಿ ಡಬ್ಬಿ ಎತ್ತಿಕೊಂಡಳು, "ಬರ್ತೀನ್ರಿ" ಎಂದು ಹೋದಳು. ನನಗೆ 'ರೀ' ಹಚ್ಚಿದ್ದು ಅದೇ ಮೊದಲು.

ಮರುದಿನ ಮುಂಜಾನೆಯ ಮೊದಲ ಬಸ್ಸಿಗೇ ಖಾನಾಪುರಕ್ಕೆ ಹೋದೆ. ಅವಳು ಅಂಗಳದಲ್ಲಿ ಅಕ್ಕಿ ಆರಿಸುತ್ತಿದ್ದಳು. ನಾನು ಬಾಯಿ ತೆರೆಯುವ ಮೊದಲೇ, "ನಾಲಿಗಿ ತಗಿ. ಸುಳ್ಳು ಹೇಳಿದ್ದು ಹೆಂಗ ಕಾಣ್ತದ ನೋಡೂಣು," ಎಂದಳು. ನಾನು ಅಳತೊಡಗಿದೆ.

"ಸಾಕ್ ಬಿಡವಾ. ಪೇತ್ರ ತನ್ನ ಗುರು ಯೇಸುಸ್ವಾಮಿನs ಮೂರು ಸಲ ಗೊತ್ತಿಲ್ಲ ಅಂದ. ನೀ ಒಂದs ಸಲ ಅಂದೀ. ಇನ್ನೂ ಎರಡು ಬಾಕಿ ಅದಾವ!"

ನಕ್ಕಳು. ನಗುತ್ತಲೇ ಮೊರವನ್ನು ಕೆಳಗಿಟ್ಟಳು.

"ನಾ ನರ್ಸಿಂಗ್ ಕಲಿಯೂಮುಂದ ನಮ್ಮವ್ವ, ಅಂದ್ರ ನಿಮ್ಮಜ್ಜಿ, ಹಾಸ್ಟೇಲಿಗೆ ಬಂದಿದ್ಲು. ಗುಂಜಿ ಊರಿನ ಅಡವ್ಯಾಗ ಕಟಗಿ ಆರಿಸಿ ಮಾರತಿದ್ಲಲಾ, ಸೀರಿ ಎಲ್ಲಾ ಹರದಿತ್ತು. ಗೆಳತ್ಯಾರು ಯಾರಾಕಿ ಅಂತ ಕೇಳಿದ್ರು. ನಮ್ಮ ಮನಿ ಕೆಲಸದಾಕಿ ಅಂದೆ. ಅವ್ವಗ ಕೇಳಿಸ್ತು. ಬುತ್ತಿ ಗಂಟು ಕೆಳಗಿಟ್ಟು ಏನಂದ್ಲು ಗೊತ್ತೈತೇನ? 'ಅಕ್ಕಾರ, ನಿಮ್ಮವ್ವ ಬುತ್ತಿ ಕೊಟ್ಟು ಕಳಿಸ್ಯಾರ್ರೀ' ಅಂದ್ಲು."

ಅಂಗಳದಲ್ಲಿ ಗುಬ್ಬಿಗಳು ಅಕ್ಕಿಗೆ ಮುತ್ತಿದ್ದವು. ಅವಳು ಓಡಿಸಲಿಲ್ಲ.

"ತಪ್ಪಾತು ಅಂತ ಹೇಳೂಣು, ಸೂಟಿಗೆ ಊರಿಗೆ ಹೋದಾಗ ಹೇಳೂಣು ಅನ್ನೂದ್ರಾಗ ಅವ್ವ ಹೋಗಿಬಿಟ್ಲು. ನಾ ವಾರ್ಡಿಗೆ ಹೋಗೂದು ಬಿಟ್ಟು ಮನ್ಯಾಗ ಕುಂತೆ. ಪೇತ್ರಗಾದ್ರ ಸ್ವಾಮಿ ಸತ್ತು ತಿರುಗಿ ಎದ್ದು ಬಂದು, ನನ್ನ ಮ್ಯಾಲೆ ಪ್ರೀತಿ ಐತೇನು ಅಂತ ಮೂರು ಸಲ ಕೇಳಿದ. ಅಷ್ಟs ಅಲ್ಲ, ನನ್ನ ಕುರಿ ಕಾಯಿ ಅಂತ ಕೆಲಸಾನೂ ಕೊಟ್ಟ. ಅದನ್ನ ಓದಿದ ದಿನs ನಾ ಮತ್ತ ವಾರ್ಡಿಗೆ ಹೋದೆ. ಹರಕ ಸೀರಿ ಉಟ್ಟ ಮುದುಕ್ಯಾರು ಬಂದ್ರ, ಅವ್ವಾ ಅಂತನs ಕರದೀನಿ. ಒಳ್ಳೆಯವರ ಕತಿ ಕಟಗೊಂಡು ನಾ ಏನ್ ಮಾಡ್ಲಿ, ಮಗಳ?"

ಸೋಮವಾರ ನಾನೇ ಅವಳನ್ನು ಕಾಲೇಜಿಗೆ ಕರೆದುಕೊಂಡು ಹೋದೆ. ಬ್ಯಾಡ ಬ್ಯಾಡ ಎಂದು ಗೇಟಿನವರೆಗೂ ಜಗಳ ತೆಗೆದಳು. ಸ್ಟಾಫ್ ರೂಮಿನ ನಡುವೆ ನಿಂತು ಹೇಳಿದೆ, "ಮೊನ್ನೆ ನಾನು ಸುಳ್ಳು ಹೇಳಿದ್ದೆ. ಇವರು ನಮ್ಮ ದೊಡ್ಡವ್ವ. ನನ್ನನ್ನು ಓದಿಸಿದವರು."

ಎಲ್ಲರೂ ಎದ್ದು ನಿಂತು ನಮಸ್ಕಾರ ಮಾಡಿದರು. ಜೀವನವಿಡೀ ನಾಡಿ ನೋಡುವುದಕ್ಕಷ್ಟೇ ಮಂದಿಯ ಕೈ ಹಿಡಿದ ನಮ್ಮ ದೊಡ್ಡವ್ವ, ಅವತ್ತು ಸುಮ್ಮನೆ ನನ್ನ ಕೈ ಹಿಡಿದುಕೊಂಡು ನಿಂತಿದ್ದಳು.