ಬೀಳದ ನೀರಿನ ಟ್ಯಾಂಕು

ನಿವೃತ್ತ ವರದಿಗಾರರ ತಲೆಯ ಮೇಲೆ ಕೂದಲು ಹೋದಮೇಲೂ ಉಳಿದಿದ್ದ ಏಕೈಕ ಕಿರೀಟವೆಂದರೆ ಒಂದು ಕತೆ. ಮೂವತ್ತೈದು ವರ್ಷಗಳ ಹಿಂದೆ, ಅಚ್ಚಿನ ಮೊಳೆಗಳನ್ನು ಒಂದೊಂದಾಗಿ ಜೋಡಿಸಿ ಪತ್ರಿಕೆ ತರುತ್ತಿದ್ದ ಕಾಲ. ಒಂದೇ ಪತ್ರಿಕೆ ಏಳು ಮನೆ ಸುತ್ತಿ, ಎಂಟನೆಯ ಮನೆಯ ಕಪಾಟಿನಲ್ಲಿ ಡಬ್ಬಿಗಳ ಕೆಳಗೆ ಹಾಸಿಗೆಯಾಗುತ್ತಿದ್ದ ಕಾಲ. ಆಗ ಅವರ ವರದಿಯೊಂದಕ್ಕೆ ಮನಸೋತ ಯುವತಿಯೊಬ್ಬಳು ಸಂಪಾದಕರಿಗೆ ಮೆಚ್ಚುಗೆಯ ಪತ್ರ ಬರೆದಳಂತೆ. ಆಕೆಯನ್ನೇ ಅವರು ಮದುವೆಯಾದರಂತೆ. ಇದನ್ನು ಅವರು ಮಕ್ಕಳಿಗೆ, ಅಳಿಯನಿಗೆ, ಕೊನೆಗೆ ಹಲ್ಲಿನ ಡಾಕ್ಟರಿಗೂ (ಬಾಯಲ್ಲಿ ಹತ್ತಿ ಇಟ್ಟುಕೊಂಡೇ) ಹೇಳಿದ್ದರು. ಪ್ರತಿ ಸಲವೂ ಹೆಂಡತಿ "ಹೂಂ" ಎನ್ನುತ್ತಿದ್ದರು. ಅದು ಒಪ್ಪಿಗೆಯೋ ಎಚ್ಚರಿಕೆಯೋ ಎಂದು ವಿಚಾರಿಸುವ ಧೈರ್ಯವನ್ನು ವರದಿಗಾರರು ಎಂದೂ ಮಾಡಿರಲಿಲ್ಲ.

ಹೀಗಿರಲು, ಒಂದು ಬೆಳಗ್ಗೆ ಮೂರು ದಿನ ನಲ್ಲಿ ನೀರು ಬರುವುದಿಲ್ಲವೆಂಬ ಸುದ್ದಿ ಎಲ್ಲರ ಫೋನಿಗೂ ಬಂತು. ಇಡೀ ಬೀದಿ ಬಿಂದಿಗೆ, ಬಕೆಟ್ಟು, ಮಗುವಿನ ಟಬ್ಬು, ಸಿಕ್ಕಿದ್ದಕ್ಕೆಲ್ಲ ನೀರು ತುಂಬಿತು. ನೀರು ಮಾತ್ರ ಮೂರು ದಿನವೂ ಧಾರಾಳವಾಗಿ ಬಂತು. ಯಾರು ಹೇಳಿದ್ದೆಂದು ಪಕ್ಕದ ಮನೆಯ ಕಾಲೇಜು ಹುಡುಗನನ್ನು ಕೇಳಿದರೆ, "ಫೋನು ಅಂಕಲ್" ಎಂದ.

ವರದಿಗಾರರ ರಕ್ತ ಕುದಿಯಿತು. ಸುದ್ದಿಯನ್ನು ಸೋಸಿ ಕುಡಿಯುವುದನ್ನು ಈ ತಲೆಮಾರಿಗೆ ಕಲಿಸಲೇಬೇಕು! ಶನಿವಾರದ ತರಗತಿಯೊಂದಕ್ಕೆ ಮೂವರನ್ನು ಜೊತೆಗೂಡಿಸಿಕೊಂಡರು: ಕೋಣೆಗೆ ಗ್ರಂಥಾಲಯದ ಮೇಡಂ, ಹುಡುಗರನ್ನು ಕಳಿಸಲು ಹೈಸ್ಕೂಲಿನ ಹೆಡ್‌ಮಾಸ್ಟರು, ಪ್ರಚಾರಕ್ಕೆ ಕ್ಷೌರಿಕ (ಬಡಾವಣೆಯ ಸುದ್ದಿಗಳೆಲ್ಲ ಹುಟ್ಟುವುದೇ ಅವನ ಕುರ್ಚಿಯಲ್ಲಿ, ಮೂಲದಲ್ಲೇ ಶುದ್ಧಿಯಾಗಲಿ ಎಂದು).

"ಸಮುದಾಯ ಸಹಭಾಗಿತ್ವ ಕಣೇ! ನಾಲ್ಕು ಕೈ ಸೇರಿದ್ರೇನೇ ಕೆಲಸ."

"ಮೂರು ಕೈ ಅವರದ್ದು. ನಿಮ್ಮದು ಬಾಯಿ," ಎಂದರು ಹೆಂಡತಿ.

ಮೇಡಂ ಒಂದು ಕರಾರು ಹಾಕಿದರು. "ಒಂದು ಶನಿವಾರ ನೋಡೋಣ ಸರ್. ಮುಂದಿನ ವಾರವೂ ಹುಡುಗರು ಬಂದ್ರೆ ಕೋಣೆ ನಿಮ್ಮದೇ. ಇಲ್ದಿದ್ರೆ ಹೊಲಿಗೆ ಕ್ಲಾಸಿನವರು ಕೇಳ್ತಿದ್ದಾರೆ."

ವರದಿಗಾರರು ತಕ್ಷಣ ಒಪ್ಪಿದರು. ನಿವೃತ್ತಿಯಾದ ಮೇಲೆ ಅವರನ್ನು ಕೇಳಿಕೊಂಡು ಬರುತ್ತಿದ್ದವನು ಗ್ಯಾಸಿನವನೊಬ್ಬನೇ.

ಶನಿವಾರ ಹದಿನಾಲ್ಕು ಮಂದಿ ಬಂದರು. ವರದಿಗಾರರು ಹಲಗೆಯ ಮೇಲೆ ಮೂರು ಪ್ರಶ್ನೆ ಬರೆದರು: ಯಾರು ಹೇಳಿದ್ದು? ಕಣ್ಣಾರೆ ಕಂಡವರು ಯಾರು? ಇನ್ನೊಂದು ಕಡೆ ಸಿಗುತ್ತದೆಯೇ? ಆಮೇಲೆ ಅರ್ಧ ಗಂಟೆ ಮಾತಾಡಿದರು. ಮೊದಲ ಸಾಲಿನಲ್ಲಿ ಒಂದು ಆಕಳಿಕೆ ಹುಟ್ಟಿ, ಸಾಲಿಂದ ಸಾಲಿಗೆ ದಾಟಿ, ಬಾಗಿಲ ಬಳಿ ನಿಂತಿದ್ದ ಹೆಡ್‌ಮಾಸ್ಟರರ ಬಾಯಿಯನ್ನು ಸೇರಿತು. ಮೇಡಂ ಗಡಿಯಾರ ನೋಡಿದರು. ಹೊಲಿಗೆ ಯಂತ್ರಗಳ ಸದ್ದು ವರದಿಗಾರರ ಕಿವಿಯಲ್ಲಿ ಮೊಳಗಿತು. ಬೇರೆ ದಾರಿಯಿಲ್ಲದೆ ಮದುವೆಯ ಕತೆಯೆಂಬ ಆ ಕಿರೀಟವನ್ನು ಹೊರತೆಗೆದರು.

ಆಕಳಿಕೆ ನಿಂತಿತು. ಎರಡು ಜಡೆಯ ಹುಡುಗಿಯೊಬ್ಬಳು ಕೈಯೆತ್ತಿದಳು. "ಸರ್, ಇದನ್ನ ಯಾರು ಹೇಳಿದ್ದು?"

"ನಾನೇ ಹೇಳ್ತಿದ್ದೀನಲ್ಲಮ್ಮ!"

"ಕಣ್ಣಾರೆ ಕಂಡವರು?"

"ಅಗೋ, ಅಲ್ಲೇ ಕೂತಿದ್ದಾಳೆ."

ಗಂಡ ಮರೆತು ಬಂದ ಕನ್ನಡಕ ಕೊಡಲು ಬಂದಿದ್ದ ಹೆಂಡತಿಯ ಕಡೆ ಎಲ್ಲರೂ ತಿರುಗಿದರು. "ಹೂಂ," ಎಂದರು ಆಕೆ.

"ಬರೀ ಹೂಂ ಅಂದ್ರೆ ಸಾಕ್ಷಿ ಆಗುತ್ತಾ ಸರ್? ಇನ್ನೊಂದು ಕಡೆ ಸಿಗುತ್ತಾ?"

"ಏನು ಮಾಡ್ಲಿ, ಆ ವರ್ಷದ ಪತ್ರಿಕೆಗಳನ್ನೆಲ್ಲ ಗೆದ್ದಲು ತಿಂದುಬಿಟ್ಟಿದೆ," ಎಂದು ವರದಿಗಾರರು ಸಂತಾಪ ಸೂಚಿಸಿದರು.

"ಯಾರು ಹೇಳಿದ್ದು ಸರ್?" ಎಂದರು ಮೇಡಂ. "ಗೆದ್ದಲು ತಿಂದಿದ್ದು ಅದರ ಹಿಂದಿನ ವರ್ಷದ್ದು. ಇದು ಗಟ್ಟಿಮುಟ್ಟಾಗಿದೆ." ಒಳಗೆ ಹೋದವರು ಮಗುವನ್ನು ಎತ್ತಿಕೊಂಡಂತೆ ದಪ್ಪ ಸಂಪುಟವೊಂದನ್ನು ತಂದು ಮೇಜಿನ ಮೇಲೆ ಮಲಗಿಸಿದರು. ಹಳೆಯ ಕಾಗದದ ವಾಸನೆ ಬಂದದ್ದೇ ವರದಿಗಾರರು ಕುರ್ಚಿಯಲ್ಲಿ ಕೂತುಬಿಟ್ಟರು. ಅರ್ಧ ನೆನಪಿಗೆ, ಅರ್ಧ ಭಯಕ್ಕೆ.

ಜಡೆಯ ಹುಡುಗಿ ಪತ್ರ ಹುಡುಕಿ ಗಟ್ಟಿಯಾಗಿ ಓದಿದಳು:

"ಸಂಪಾದಕರೇ, ನಮ್ಮ ಬೀದಿಯ ಹಳೆಯ ನೀರಿನ ಟ್ಯಾಂಕನ್ನು ಸೋಮವಾರ ಬೆಳಗ್ಗೆ ಕೆಡವಿದರೆಂದೂ, ಧೂಳೆದ್ದಿತೆಂದೂ, ಜನ ಚಪ್ಪಾಳೆ ತಟ್ಟಿದರೆಂದೂ ನಿಮ್ಮ ವರದಿಗಾರರು ಬರೆದಿದ್ದಾರೆ. ಈ ಪತ್ರ ಬರೆಯುವಾಗ ಆ ಟ್ಯಾಂಕು ನನ್ನ ಕಿಟಕಿಯಲ್ಲಿ ಕಾಣುತ್ತಿದೆ. ಅದರ ಮೇಲೆ ಎರಡು ಕಾಗೆಗಳೂ ಇವೆ. ವರದಿಗಾರರಿಗೆ ಕತ್ತು ನೋವಿರಬಹುದು. ಗುಣವಾದ ಮೇಲೆ ಒಮ್ಮೆ ತಲೆಯೆತ್ತಿ ನೋಡಲು ಹೇಳಿ."

ಮೊದಲು ನಕ್ಕವನು ಹಿಂದಿನ ಸಾಲಿನಲ್ಲಿ ಕೂತಿದ್ದ ಕ್ಷೌರಿಕ. ಆಮೇಲೆ ಛಾವಣಿಯೇ ಹಾರಿಹೋಯಿತು.

"ಸೋಮವಾರ ಕೆಡವ್ತೀವಿ ಅಂತ ಅಧಿಕಾರಿಗಳೇ ಹೇಳಿದ್ರು," ಎಂದು ವರದಿಗಾರರು ತೊದಲಿದರು. "ಹೇಗೂ ಬೀಳುತ್ತಲ್ಲ ಅಂತ ಭಾನುವಾರ ಸಂಜೆಯೇ ಬರೆದುಕೊಟ್ಟು ಮನೆಗೆ ಹೋದೆ. ಯಂತ್ರ ಬರಲೇ ಇಲ್ಲ. ಕ್ಷಮೆ ಕೇಳಿ ಬಾ ಅಂತ ಸಂಪಾದಕರು ಇವಳ ಮನೆಗೆ ಅಟ್ಟಿದ್ರು."

"ಅಗೋ, ಬಿದ್ದಿರೋ ಟ್ಯಾಂಕು, ಅಂತ ಕಿಟಕಿಯಿಂದ ತೋರಿಸ್ದೆ," ಎಂದರು ಹೆಂಡತಿ. "ಇವರು ಆಗಲೂ ಟ್ಯಾಂಕ್ ನೋಡ್ಲಿಲ್ಲ."

ವರದಿಗಾರರ ಕಿವಿ ಕೆಂಪಾಗಿತ್ತು.

"ಮತ್ತೆ ಇಷ್ಟು ವರ್ಷ ಯಾಕೆ ಸುಮ್ನಿದ್ರಿ ಆಂಟಿ?" ಎಂದಳು ಜಡೆಯ ಹುಡುಗಿ.

"ತಿದ್ದುಪಡಿ ಹಾಕೋಣ ಅಂತಾನೇ ಇದ್ದೆ. ಆದ್ರೆ ಇವರು ಒಂದೊಂದು ಸಲ ಹೇಳುವಾಗಲೂ ನಾನು ಇನ್ನಷ್ಟು ಚೆಂದ ಆಗ್ತಿದ್ದೆ. ಅದಕ್ಕೆ ಬಿಟ್ಟೆ."

ಮುಂದಿನ ಶನಿವಾರ ಇಪ್ಪತ್ತಾರು ಮಂದಿ ಬಂದರು. ಹೊಲಿಗೆಯವರು ಬೇರೆ ಕೋಣೆ ನೋಡಿಕೊಂಡರು. ಸಹಭಾಗಿಗಳು ಒಮ್ಮತದಿಂದ ಅಂಟಿಸಿದ ಚೀಟಿಯಲ್ಲಿ ಬೋಧಕಿ ಎಂಬಲ್ಲಿ ಹೆಂಡತಿಯ ಹೆಸರಿತ್ತು. ವರದಿಗಾರರ ಹೆಸರೂ ಇತ್ತು, ಕೆಳಗೆ, 'ಉದಾಹರಣೆ' ಎಂಬಲ್ಲಿ.

ಅಂದು ಸಂಜೆ ಬೋಧಕಿ ಮಹಡಿಯ ಮೇಲೆ ಒಣಗಿದ ಬಟ್ಟೆ ತೆಗೆಯುತ್ತ ಕೂಗಿದರು. "ರೀ, ಒಲೆ ಮೇಲೆ ಹಾಲಿದೆ, ಆರಿಸಿದ್ರಾ?"

"ಆರಿಸ್ದೆ ಕಣೇ!" ಎಂದರು ವರದಿಗಾರರು. ಹೇಗೂ ಈಗ ಏಳುತ್ತೇನಲ್ಲ ಎಂದು, ಮಡಿಲಲ್ಲಿದ್ದ ಪತ್ರಿಕೆಯ ಪುಟವೊಂದನ್ನು ತಿರುವಿದರು.

ಒಳಗಿನಿಂದ ಚುಂಯ್ ಎಂಬ ಸದ್ದು, ಹಿಂದೆಯೇ ಸೀದ ವಾಸನೆ ಬಂತು.

ಮಹಡಿಯಿಂದ ಪ್ರಶ್ನೆ ಇಳಿದು ಬಂತು: "ಧೂಳೆದ್ದಿತಾ? ಜನ ಚಪ್ಪಾಳೆ ತಟ್ಟಿದ್ರಾ?"